ವೆಬ್ ಅಪ್ಲಿಕೇಶನ್‌ಗೆ ಹಿನ್ನೆಲೆ ಜಾಬ್ ಕ್ಯೂ ನಡೆಸುವ ಬಗೆ

ಬಳಕೆದಾರರು ಗುಂಡಿ ಒತ್ತಿದ ಮೇಲೆ ಪುಟ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬರಬೇಕು. ಇಮೇಲ್ ಕಳಿಸುವುದು, ಪಿಡಿಎಫ್ ತಯಾರಿಸುವುದು, ಫೋಟೊ ಕುಗ್ಗಿಸುವುದು, ಬೇರೆಯವರ ಎಪಿಐ (ಪ್ರೋಗ್ರಾಂಗಳು ಒಂದನ್ನೊಂದು ಕೇಳುವ ದಾರಿ) ಕರೆದು ಉತ್ತರಕ್ಕೆ ಕಾಯುವುದು ಇವೆಲ್ಲ ಆ ಹೊತ್ತಿನಲ್ಲೇ ಮುಗಿಯಬೇಕಿಲ್ಲ. ಮಾಡಬೇಕಾದ ಪ್ರತಿ ಕೆಲಸವನ್ನು ಒಂದು ಜಾಬ್ ಎಂದು ಕ್ಯೂನಲ್ಲಿ, ಅಂದರೆ ಸರದಿಪಟ್ಟಿಯಲ್ಲಿ, ಬರೆದಿಟ್ಟು ಬಳಕೆದಾರರಿಗೆ ಉತ್ತರ ಕೊಟ್ಟುಬಿಡುವುದು, ವರ್ಕರ್ ಎಂಬ ಬೇರೆ ಪ್ರೊಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ಅದನ್ನು ಎತ್ತಿಕೊಂಡು ಮಾಡಿ ಮುಗಿಸುವುದು, ಇಷ್ಟೇ ಏರ್ಪಾಡು. ಇದಕ್ಕೆಂದೇ ಇರುವ ಸಿದ್ಧ ಕೋಡ್ ಲೈಬ್ರರಿ ಹಾಕಿ ಮೊದಲ ಜಾಬ್ ಓಡಿಸಲು ಒಂದು ಮಧ್ಯಾಹ್ನ ಸಾಕು.

ತೊಡಕು ಶುರುವಾಗುವುದು ವರ್ಕರ್ ಅರ್ಧ ಕೆಲಸದಲ್ಲಿ ಸತ್ತಾಗ. ಆ ಜಾಬ್ ಮುಗಿಯಿತೋ ಇಲ್ಲವೋ ಎಂದು ಕ್ಯೂಗೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಓಡಿಸಿದರೆ ಎರಡು ಸಲ ಆಗಬಹುದು, ಓಡಿಸದಿದ್ದರೆ ಒಮ್ಮೆಯೂ ಆಗದೆ ಹೋಗಬಹುದು. ಯಾವ ಸಾಫ್ಟ್‌ವೇರ್ ಆರಿಸಿಕೊಂಡರೂ ಈ ಎರಡರಲ್ಲಿ ಒಂದನ್ನು ಒಪ್ಪಿಕೊಳ್ಳಲೇಬೇಕು. ಹೆಚ್ಚಿನ ಕೆಲಸಗಳಿಗೆ ಮೊದಲನೆಯದೇ ವಾಸಿ. ಆದ್ದರಿಂದ ಪ್ರತಿ ಜಾಬ್ ಒಂದಲ್ಲ ಒಂದು ದಿನ ಎರಡು ಸಲ ಓಡುತ್ತದೆ ಎಂದುಕೊಂಡೇ ಬರೆಯಬೇಕು. ಮುಂದೆ ಬರುವ ಸೂಚನೆಗಳಲ್ಲಿ ಹೆಚ್ಚಿನವು ಇದೊಂದು ಮಾತಿನಿಂದ ಹುಟ್ಟಿದವು.

ಕ್ಯೂ ಎಲ್ಲಿರಬೇಕು

ನಿಮ್ಮಲ್ಲಿ ಈಗಾಗಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದು, ಸೆಕೆಂಡಿಗೆ ಕೆಲವು ಹತ್ತು ಜಾಬ್‌ಗಳಷ್ಟೇ ಬರುತ್ತಿದ್ದರೆ ಅದರಲ್ಲೇ ಒಂದು ಟೇಬಲ್ ಮಾಡಿ ಶುರು ಮಾಡಿ. 9.5ನೇ ಆವೃತ್ತಿಯಿಂದ ಅದರಲ್ಲಿ 'ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್' ಎಂಬ ಕ್ವೆರಿ ಸೌಲಭ್ಯ ಇದೆ. ಒಬ್ಬ ವರ್ಕರ್ ಹಿಡಿದ ಟೇಬಲ್ ಸಾಲನ್ನು ಇನ್ನೊಬ್ಬ ವರ್ಕರ್ ಕಾಯದೆ ದಾಟಿ ಮುಂದಿನದನ್ನು ಎತ್ತಿಕೊಳ್ಳುತ್ತಾನೆ. ದೊಡ್ಡ ಲಾಭ ಇನ್ನೊಂದಿದೆ: ಆರ್ಡರ್ ಸಾಲು ಮತ್ತು ಅದರ ಜಾಬ್ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲವೂ ಆಗುವ, ಇಲ್ಲವೇ ಏನೂ ಆಗದ ಬರವಣಿಗೆಯ ಕಟ್ಟು) ಬರೆಯಲ್ಪಡುವುದರಿಂದ ಒಂದಿದ್ದು ಒಂದಿಲ್ಲದ ಸ್ಥಿತಿ ಬರುವುದಿಲ್ಲ. ಕಷ್ಟವೆಂದರೆ ಸತ್ತ ಸಾಲುಗಳು. ಕ್ಯೂ ಟೇಬಲ್‌ನಲ್ಲಿ ಸಾಲುಗಳು ಬಂದು, ಬದಲಾಗಿ, ಅಳಿದುಹೋಗುತ್ತಲೇ ಇರುತ್ತವೆ. ಅವುಗಳ ಅವಶೇಷವನ್ನು ವ್ಯಾಕ್ಯೂಮ್ ಎಂಬ ಪೋಸ್ಟ್‌ಗ್ರೆಸ್‌ನ ಸ್ವಚ್ಛತಾ ಕೆಲಸ ಗುಡಿಸಬೇಕು. ಅದೇ ಡೇಟಾಬೇಸ್‌ನಲ್ಲಿ ಯಾರೋ ಎರಡು ಗಂಟೆಯ ವರದಿ ಕ್ವೆರಿ ಓಡಿಸುತ್ತಿದ್ದರೆ ಅಷ್ಟು ಹೊತ್ತು ಗುಡಿಸಲಾಗುವುದಿಲ್ಲ, ಜಾಬ್ ಎತ್ತುವ ಕ್ವೆರಿ ಮೆಲ್ಲಮೆಲ್ಲನೆ ನಿಧಾನವಾಗುತ್ತದೆ. ಉದ್ದದ ವರದಿಗಳನ್ನು ರೆಪ್ಲಿಕಾಗೆ (ಡೇಟಾಬೇಸ್‌ನ ನಕಲು ಸರ್ವರ್) ಸಾಗಿಸಿ, ಅದರ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ (ನಕಲಿನ ಕ್ವೆರಿಗಳಿಗಾಗಿ ಮೂಲದಲ್ಲೂ ಗುಡಿಸುವುದನ್ನು ತಡೆಯುವ ಸೆಟ್ಟಿಂಗ್) ಆಫ್ ಇದೆಯೇ ನೋಡಿಕೊಳ್ಳಿ. ಬಾಕಿ ಇರುವ ಜಾಬ್‌ಗಳಿಗೆ ಮಾತ್ರ ಪಾರ್ಷಿಯಲ್ ಇಂಡೆಕ್ಸ್ (ಟೇಬಲ್‌ನ ಒಂದು ಭಾಗಕ್ಕಷ್ಟೇ ಇರುವ ಸೂಚಿ) ಹಾಕಿ.

ಡೇಟಾವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ರೆಡಿಸ್ ಇದಕ್ಕಿಂತ ಬಹಳ ವೇಗ. ಅದನ್ನು ಬಳಸುವವರು ಮೊದಲ ದಿನವೇ ಮೂರು ವಿಷಯ ನೋಡಿಕೊಳ್ಳಬೇಕು. 'ಮ್ಯಾಕ್ಸ್‌ಮೆಮೊರಿ ಪಾಲಿಸಿ' ಎಂಬ ಸೆಟ್ಟಿಂಗ್ 'ನೋಎವಿಕ್ಷನ್' ಆಗಿರಲಿ. ಬೇರೆ ಏನಿದ್ದರೂ ಮೆಮೊರಿ ತುಂಬಿದಾಗ ರೆಡಿಸ್ ಜಾಗಕ್ಕಾಗಿ ಕೀಗಳನ್ನು (ತಾನಿಟ್ಟುಕೊಂಡ ನಮೂದುಗಳನ್ನು) ಅಳಿಸತೊಡಗಬಹುದು, ಜಾಬ್‌ಗಳು ಸದ್ದಿಲ್ಲದೆ ಮಾಯವಾಗಬಹುದು. ಕ್ಯಾಶ್‌ಗೆ (ಮತ್ತೆ ತಯಾರಿಸಬಹುದಾದ ತಾತ್ಕಾಲಿಕ ಡೇಟಾ) ಅಳಿಸುವ ಪಾಲಿಸಿಯೇ ಬೇಕು, ಹಾಗಾಗಿ ಕ್ಯಾಶ್ ಮತ್ತು ಕ್ಯೂ ಒಂದೇ ರೆಡಿಸ್‌ನಲ್ಲಿ ಇರಬಾರದು. ಎರಡನೆಯದು ಡಿಸ್ಕಿಗೆ ಬರೆಯುವುದು: ಎಒಎಫ್ (ಪ್ರತಿ ಬರವಣಿಗೆಯನ್ನೂ ಕಡತಕ್ಕೆ ಸೇರಿಸುವ ವಿಧಾನ) ಆನ್ ಮಾಡಿ 'ಎವ್ರಿಸೆಕ್' (ಸೆಕೆಂಡಿಗೊಮ್ಮೆ) ಇಟ್ಟರೆ ಯಂತ್ರ ಬಿದ್ದಾಗ ಸುಮಾರು 1 ಸೆಕೆಂಡಿನಷ್ಟು ಬರವಣಿಗೆ ಹೋಗಬಹುದು. ಮೂರನೆಯದು, ನಿಮ್ಮ ಲೈಬ್ರರಿ ಜಾಬ್ ಎತ್ತುವ ರೀತಿ. 'ಬಿಆರ್‌ಪಾಪ್' ಎಂಬ ಆದೇಶ ಬಳಸಿದರೆ ಎತ್ತಿದ ಕ್ಷಣವೇ ಜಾಬ್ ರೆಡಿಸ್‌ನಿಂದ ಹೊರಬಿತ್ತು. ಆಮೇಲೆ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಆ ವರ್ಕರನ್ನು ಕೊಂದರೆ ಜಾಬೂ ಅದರೊಂದಿಗೆ ಹೋಯಿತು. ರೂಬಿ ಭಾಷೆಯ ಜಾಬ್ ಲೈಬ್ರರಿ ಸೈಡ್‌ಕಿಕ್‌ನ ಉಚಿತ ಆವೃತ್ತಿ ಹೀಗೇ ಎತ್ತುತ್ತದೆ. ರೆಡಿಸ್ 6.2ರಿಂದ ಇರುವ 'ಬಿಎಲ್‌ಮೂವ್' ಜಾಬನ್ನು 'ನಡೆಯುತ್ತಿದೆ' ಎಂಬ ಇನ್ನೊಂದು ಪಟ್ಟಿಗೆ ಸಾಗಿಸುತ್ತದೆ, ವರ್ಕರ್ ಸತ್ತರೂ ಅಲ್ಲಿಂದ ಮರಳಿ ತರಬಹುದು.

ರ‍್ಯಾಬಿಟ್‌ಎಂಕ್ಯೂ ಮತ್ತು ಅಮೆಜಾನ್ ಎಸ್‌ಕ್ಯೂಎಸ್ ಎಂಬ, ಕ್ಯೂಗೆಂದೇ ಇರುವ ವ್ಯವಸ್ಥೆಗಳಲ್ಲಿ ಜಾಬ್ ಮುಗಿದ ಮೇಲೆ ವರ್ಕರ್ 'ಆಯಿತು' ಎಂದು ಹೇಳುವ ಪದ್ಧತಿ ಮೊದಲಿಂದಲೇ ಇದೆ. ಎಸ್‌ಕ್ಯೂಎಸ್‌ನಲ್ಲಿ ಒಬ್ಬರು ಎತ್ತಿದ ಸಂದೇಶ ಉಳಿದವರ ಕಣ್ಣಿಗೆ ಬೀಳದೆ ಇರುವ ಅವಧಿ ನಾವು ಬದಲಿಸದಿದ್ದರೆ 30 ಸೆಕೆಂಡ್, ಗರಿಷ್ಠ 12 ಗಂಟೆ. ನಿಮ್ಮ ಜಾಬ್ 45 ಸೆಕೆಂಡ್ ಓಡಿದರೆ 30ನೇ ಸೆಕೆಂಡಿಗೆ ಇನ್ನೊಬ್ಬ ವರ್ಕರ್ ಅದನ್ನೇ ಶುರು ಮಾಡುತ್ತಾನೆ. ಯಾರೂ ಸಾಯದೆ, ಏನೂ ಕೆಡದೆ ಜಾಬ್ ಎರಡು ಸಲ ಓಡುವ ಅತಿ ಸಾಮಾನ್ಯ ಕಾರಣ ಇದು.

ಇದೇ ಲೆಕ್ಕ ಬೇರೆ ಹೆಸರಿನಲ್ಲಿ ಎಲ್ಲ ಕಡೆ ಇದೆ. ಪಿಎಚ್‌ಪಿಯ ಲಾರವೆಲ್‌ನಲ್ಲಿ ಜಾಬನ್ನು ಮತ್ತೆ ಕೊಡುವ ಮೊದಲು ಕಾಯುವ 'ರಿಟ್ರೈ ಆಫ್ಟರ್' 90 ಸೆಕೆಂಡ್, ವರ್ಕರ್ ಒಂದು ಜಾಬ್‌ಗೆ ಕೊಡುವ 'ಟೈಮ್‌ಔಟ್' 60 ಸೆಕೆಂಡ್. ಎರಡನೆಯದು ಯಾವಾಗಲೂ ಮೊದಲನೆಯದಕ್ಕಿಂತ ಕಡಿಮೆ ಇರಬೇಕು. ಒಂದನ್ನು ಏರಿಸಿ ಇನ್ನೊಂದನ್ನು ಮರೆತವರಿಗೆ ಜಾಬ್‌ಗಳು ಇಮ್ಮಡಿಯಾಗಿ ಕಾಣುತ್ತವೆ. ಪೈಥಾನ್‌ನ ಜಾಬ್ ಲೈಬ್ರರಿ ಸೆಲೆರಿಯನ್ನು ರೆಡಿಸ್ ಮೇಲೆ ಓಡಿಸಿದಾಗ ಈ ಅವಧಿ 1 ಗಂಟೆ. '6 ಗಂಟೆ ಬಿಟ್ಟು ಓಡಿಸು' ಎಂದು ಹಾಕಿದ ಜಾಬನ್ನು ವರ್ಕರ್ ಈಗಲೇ ಎತ್ತಿ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತಾನೆ. ಪ್ರತಿ ಗಂಟೆಗೂ ಕ್ಯೂ ಅದನ್ನು ಮತ್ತೊಬ್ಬನಿಗೆ ಕೊಡುತ್ತದೆ, ಕೊನೆಗೆ ಒಂದೇ ಜ್ಞಾಪನೆ ಹಲವು ಸಲ ಹೊರಡುತ್ತದೆ. ಅಷ್ಟು ದೂರದ ಕೆಲಸಕ್ಕೆ ಡೇಟಾಬೇಸ್‌ನಲ್ಲಿ 'ಯಾವಾಗ' ಎಂಬ ಕಾಲಂ ಇಟ್ಟು, ನಿಮಿಷಕ್ಕೊಮ್ಮೆ ನೋಡಿ, ಸಮಯ ಬಂದವನ್ನು ಮಾತ್ರ ಕ್ಯೂಗೆ ಹಾಕುವುದು ಒಳ್ಳೆಯದು.

ಜಾಬ್‌ನೊಳಗೆ ಏನಿರಬೇಕು, ಯಾವಾಗ ಹಾಕಬೇಕು

ಐಡಿ ಮಾತ್ರ ಕಳಿಸಿ, ಇಡೀ ಆಬ್ಜೆಕ್ಟ್ ಬೇಡ. ಜಾಬ್ ಓಡುವ ಹೊತ್ತಿಗೆ ಬಳಕೆದಾರರು ತಮ್ಮ ಇಮೇಲ್ ವಿಳಾಸ ಬದಲಿಸಿರಬಹುದು. ಐಡಿಯಿಂದ ಹೊಸದಾಗಿ ಓದಿದರೆ ಸರಿಯಾದ ವಿಳಾಸ ಸಿಗುತ್ತದೆ. ಆ ಕ್ಷಣದ ಮೌಲ್ಯವೇ ಮುಖ್ಯವಾದಾಗ, ಉದಾಹರಣೆಗೆ ಆರ್ಡರ್ ಮಾಡಿದಾಗಿನ ಬೆಲೆ, ಅದನ್ನು ಆರ್ಡರ್ ಸಾಲಿನಲ್ಲೇ ಬರೆದಿಡಿ. ಪಾಸ್‌ವರ್ಡ್, ಟೋಕನ್‌ಗಳನ್ನು ಜಾಬ್‌ನಲ್ಲಿ ಇಡಬೇಡಿ, ಅವು ಲಾಗ್‌ನಲ್ಲೂ ಡ್ಯಾಶ್‌ಬೋರ್ಡ್‌ನಲ್ಲೂ ಕಾಣುತ್ತವೆ. ಜಾಬನ್ನು ಬರೆದಿಡಲು ಪೈಥಾನ್‌ನ ಪಿಕಲ್ ಎಂಬ ರೂಪದ ಬದಲು ಜೇಸನ್ ಬಳಸಿ: ಪಿಕಲ್ ಬಿಚ್ಚುವಾಗ ಕೋಡ್ ಓಡಿಸಬಲ್ಲದು, ಅಂದರೆ ರೆಡಿಸ್‌ಗೆ ಬರೆಯಬಲ್ಲವರು ನಿಮ್ಮ ವರ್ಕರ್‌ನಲ್ಲಿ ಏನನ್ನಾದರೂ ಓಡಿಸಬಲ್ಲರು.

ಕಮಿಟ್ ಆಗುವ, ಅಂದರೆ ಟ್ರಾನ್ಸಾಕ್ಷನ್ ಪಕ್ಕಾ ಆಗುವ, ಮೊದಲೇ ಜಾಬ್ ಹಾಕುವುದು ತುಂಬ ಜನ ಮಾಡುವ ತಪ್ಪು. ಕ್ಯೂ ರೆಡಿಸ್‌ನಲ್ಲಿದ್ದರೆ ವರ್ಕರ್ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಎತ್ತಿಕೊಂಡು ಸಾಲನ್ನು ಹುಡುಕುತ್ತಾನೆ, ಟ್ರಾನ್ಸಾಕ್ಷನ್ ಇನ್ನೂ ಮುಗಿದಿರುವುದಿಲ್ಲ. 'ದಾಖಲೆ ಸಿಗಲಿಲ್ಲ' ಎಂಬ ದೋಷ ಬಂದು ಎರಡನೇ ಪ್ರಯತ್ನದಲ್ಲಿ ತಾನಾಗಿ ಸರಿಹೋಗುತ್ತಿದ್ದರೆ ಕಾರಣ ಬಹುತೇಕ ಇದೇ. ವೆಬ್ ಫ್ರೇಮ್‌ವರ್ಕ್‌ಗಳಾದ ರೇಲ್ಸ್‌ನಲ್ಲಿ 'ಆಫ್ಟರ್ ಕಮಿಟ್', ಜ್ಯಾಂಗೋದಲ್ಲಿ 'ಆನ್ ಕಮಿಟ್' ಬಳಸಿ ಕಮಿಟ್ ಆದ ಮೇಲೆಯೇ ಹಾಕಿ.

ಆಗ ಎದುರುಬದುರಿನ ಕಿಂಡಿಯೊಂದು ತೆರೆಯುತ್ತದೆ: ಕಮಿಟ್ ಆಯಿತು, ಜಾಬ್ ಹಾಕುವ ಮೊದಲು ವೆಬ್ ಪ್ರೊಸೆಸ್ ಬಿತ್ತು. ಆರ್ಡರ್ ಇದೆ, ಜಾಬ್ ಇಲ್ಲ. ಇದನ್ನು ಮುಚ್ಚಲು ಔಟ್‌ಬಾಕ್ಸ್ ಟೇಬಲ್ ಇಡಬಹುದು. ಅದೇ ಟ್ರಾನ್ಸಾಕ್ಷನ್‌ನಲ್ಲಿ ಅಲ್ಲಿ ಬರೆದು, ಬೇರೆ ಪ್ರೊಸೆಸ್ ಅದನ್ನು ಓದಿ ಕ್ಯೂಗೆ ಸಾಗಿಸುತ್ತದೆ. ಅಷ್ಟು ಬೇಡವೆಂದರೆ, '10 ನಿಮಿಷದಿಂದ ಬಾಕಿ ಇರುವ ಆರ್ಡರ್‌ಗಳು ಯಾವುವು' ಎಂದು 5 ನಿಮಿಷಕ್ಕೊಮ್ಮೆ ಹುಡುಕಿ ಜಾಬ್ ಮತ್ತೆ ಹಾಕುವ ಸಣ್ಣ ಕ್ವೆರಿ ಸಾಕು. ಎರಡು ಸಲ ಓಡಿದರೂ ಕೆಡದ ಜಾಬ್ ಆಗಿದ್ದರೆ ಈ ಎರಡನೇ ದಾರಿ ತುಂಬ ಸುಲಭ, ಅನೇಕ ಕಡೆ ಇದೇ ಸಾಕಾಗುತ್ತದೆ.

ಎರಡು ಸಲ ಓಡಿದರೂ ಕೆಡದಂತೆ ಬರೆಯುವುದು

ಮೊದಲ ಆಯುಧ ಡೇಟಾಬೇಸ್‌ನ ಯೂನಿಕ್ ನಿರ್ಬಂಧ (ಒಂದೇ ಮೌಲ್ಯ ಎರಡು ಸಾಲುಗಳಲ್ಲಿ ಬರದಂತೆ ತಡೆ). ಒಂದು ಆರ್ಡರ್‌ಗೆ ಒಂದೇ ಇನ್‌ವಾಯ್ಸ್ ಎಂದಾದರೆ ಇನ್‌ವಾಯ್ಸ್ ಟೇಬಲ್‌ನ ಆರ್ಡರ್ ಐಡಿಗೆ ಯೂನಿಕ್ ಇಂಡೆಕ್ಸ್ ಹಾಕಿ. 'ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆ' ಎಂಬ ಕೋಡ್ ಮಾತ್ರ ಸಾಲದು. ಇಬ್ಬರು ವರ್ಕರ್‌ಗಳು ಒಟ್ಟಿಗೆ ನೋಡಿದರೆ ಇಬ್ಬರಿಗೂ 'ಇಲ್ಲ' ಎಂದೇ ಕಾಣುತ್ತದೆ.

ಎರಡನೆಯದು ಷರತ್ತಿನ ಅಪ್‌ಡೇಟ್. 'ಸ್ಥಿತಿ ಬಾಕಿ ಇದ್ದರೆ ಮಾತ್ರ ಅದನ್ನು ನಡೆಯುತ್ತಿದೆ ಎಂದು ಬದಲಿಸು' ಎಂದು ಕ್ವೆರಿ ಬರೆದು, ಎಷ್ಟು ಸಾಲು ಬದಲಾಯಿತು ನೋಡಿ. 1 ಬಂದರೆ ಕೆಲಸ ನಿಮ್ಮದು. 0 ಬಂದರೆ ಬೇರೆಯವರು ಹಿಡಿದಿದ್ದಾರೆ, ಹೊರಬನ್ನಿ. ಇದರೊಂದಿಗೆ ಶುರುವಾದ ಸಮಯವನ್ನೂ ಬರೆದಿಡಿ. ಇಲ್ಲವಾದರೆ ನಡುವೆ ಸತ್ತ ವರ್ಕರ್‌ನ ಸಾಲು 'ನಡೆಯುತ್ತಿದೆ' ಎಂದೇ ಎಂದೆಂದಿಗೂ ಕೂತಿರುತ್ತದೆ.

ಹೊರಗಿನ ಪಾವತಿ ಸೇವೆಗಳನ್ನು ಕರೆಯುವಾಗ ಐಡೆಂಪೊಟೆನ್ಸಿ ಕೀ (ಅದೇ ಕೋರಿಕೆ ಮತ್ತೆ ಬಂದರೆ ಸೇವೆಗೆ ತಿಳಿಸುವ ಗುರುತು) ಕಳಿಸಿ. ಆ ಕೀಯನ್ನು ಜಾಬ್‌ನ ಒಳಗೆ ಪ್ರತಿ ಸಲ ಹೊಸದಾಗಿ ಹುಟ್ಟಿಸಿದರೆ ಏನೂ ಪ್ರಯೋಜನವಿಲ್ಲ, ಎರಡನೇ ಓಟಕ್ಕೆ ಬೇರೆ ಕೀ ಬಂದು ಎರಡನೇ ಪಾವತಿಯೂ ಆಗುತ್ತದೆ. ಪಾವತಿ ಸಾಲಿನ ಐಡಿಯಿಂದಲೇ ಕೀ ಮಾಡಿ. ಎಣಿಕೆಗಳನ್ನು 'ಒಂದು ಕೂಡಿಸು' ಎನ್ನುವ ಬದಲು ಮೂಲ ಸಾಲುಗಳಿಂದ ಮತ್ತೆ ಎಣಿಸಿ ಬರೆಯಿರಿ.

ಇಮೇಲ್‌ಗೆ ಪೂರ್ತಿ ಪರಿಹಾರವಿಲ್ಲ. ಮೇಲ್ ಸರ್ವರ್ ಒಪ್ಪಿಕೊಂಡ ಮೇಲೆ, 'ಕಳಿಸಿದೆ' ಎಂದು ನಾವು ಬರೆಯುವ ಮೊದಲು ವರ್ಕರ್ ಸಾಯಬಹುದು. ಪಾಸ್‌ವರ್ಡ್ ಬದಲಿಸುವ ಕೊಂಡಿ ಎರಡು ಸಲ ಹೋದರೆ ತೊಂದರೆಯಿಲ್ಲ, ಒಮ್ಮೆಯೂ ಹೋಗದಿದ್ದರೆ ತೊಂದರೆ. ಸುದ್ದಿಪತ್ರದ ವಿಷಯದಲ್ಲಿ ತಿರುಗುಮುರುಗು. ಯಾವುದಕ್ಕೆ ಯಾವುದು ಎಂದು ಮೊದಲೇ ತೀರ್ಮಾನಿಸಿ, ಗುರುತು ಹಾಕುವುದನ್ನು ಕಳಿಸುವ ಮೊದಲು ಇಡುವುದೋ ಆಮೇಲೆ ಇಡುವುದೋ ಅದಕ್ಕೆ ತಕ್ಕಂತೆ ಬರೆಯಿರಿ.

ದೊಡ್ಡ ಜಾಬನ್ನು ಒಡೆಯಿರಿ. 1,00,000 ಜನರಿಗೆ ಕಳಿಸುವ ಒಂದೇ ಲೂಪ್ 60,000ದಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು. ಬದಲಿಗೆ ಮೊದಲ ಜಾಬ್ 500 ಐಡಿಗಳ 200 ಗುಂಪು ಮಾಡಲಿ, ಪ್ರತಿ ಗುಂಪಿನ ಜಾಬ್ ತನ್ನ 500 ಜನರಿಗೆ ಒಂದೊಂದು ಜಾಬ್ ಹಾಕಲಿ. ಆಗ ಯಾವುದು ಸತ್ತರೂ ಹೋಗುವುದು ಕೆಲವು ಸೆಕೆಂಡಿನ ಕೆಲಸ.

ಮತ್ತೆ ಪ್ರಯತ್ನಿಸುವುದು

ಎಲ್ಲ ದೋಷಗಳಿಗೂ ಮರುಪ್ರಯತ್ನ ಮದ್ದಲ್ಲ. ಟೈಮ್‌ಔಟ್ (ಗಡುವಿನೊಳಗೆ ಉತ್ತರ ಬಾರದ್ದು), 503 (ಸೇವೆ ಸದ್ಯಕ್ಕಿಲ್ಲ), ಸಂಪರ್ಕ ಕಡಿದದ್ದು ಇವಕ್ಕೆ ಮತ್ತೆ ಪ್ರಯತ್ನಿಸಿ. 429 (ಕೋರಿಕೆಗಳು ಅತಿಯಾದವು) ಬಂದರೆ ಉತ್ತರದ 'ರಿಟ್ರೈ ಆಫ್ಟರ್' ಹೆಡರ್ ಓದಿ ಅಷ್ಟು ಹೊತ್ತು ಕಾಯಿರಿ. 400, 422 (ಕೋರಿಕೆಯೇ ತಪ್ಪು) ಬಂದರೆ ನೂರು ಸಲ ಕಳಿಸಿದರೂ ಅದೇ ಉತ್ತರ. ನೇರವಾಗಿ ಸೋತವುಗಳ ಪಟ್ಟಿಗೆ ಹಾಕಿ.

ಪ್ರಯತ್ನಗಳ ನಡುವಿನ ಅಂತರ ಬೆಳೆಯುತ್ತಾ ಹೋಗಲಿ, ಅದರಲ್ಲಿ ಒಂದಿಷ್ಟು ಯಾದೃಚ್ಛಿಕತೆಯೂ ಇರಲಿ. ಹೊರಗಿನ ಸೇವೆ ಬಿದ್ದಾಗ 5,000 ಜಾಬ್‌ಗಳು ಒಟ್ಟಿಗೆ ಸೋತಿರುತ್ತವೆ. ಎಲ್ಲವೂ ಸರಿಯಾಗಿ 60 ಸೆಕೆಂಡ್ ಬಿಟ್ಟು ಒಟ್ಟಿಗೆ ಬಡಿದರೆ ಆಗತಾನೆ ಎದ್ದ ಸೇವೆ ಮತ್ತೆ ಮಲಗುತ್ತದೆ. ಸೈಡ್‌ಕಿಕ್ ತಾನಾಗಿ 25 ಸಲ, ಸುಮಾರು 3 ವಾರಗಳ ಉದ್ದಕ್ಕೆ ಪ್ರಯತ್ನಿಸುತ್ತದೆ. ಕೋಡ್‌ನ ತಪ್ಪಿನಿಂದ ಸೋತ ಜಾಬ್‌ಗೆ ಇದು ವರ: ತಿದ್ದಿ ಡಿಪ್ಲಾಯ್ ಮಾಡುವವರೆಗೂ (ಹೊಸ ಕೋಡನ್ನು ಸರ್ವರ್‌ಗೆ ಹಾಕುವವರೆಗೂ) ಜಾಬ್ ಜೀವಂತ ಇರುತ್ತದೆ. ಒಟಿಪಿ ಕಳಿಸುವ ಜಾಬ್‌ಗೆ ಇದು ಶುದ್ಧ ತಪ್ಪು, 5 ನಿಮಿಷದ ಮೇಲೆ ಆ ಸಂದೇಶ ಯಾರಿಗೂ ಬೇಡ. ಅಂಥವಕ್ಕೆ 'ಇಷ್ಟರೊಳಗೆ ಓಡದಿದ್ದರೆ ಬಿಡು' ಎಂಬ ಗಡುವನ್ನು ಜಾಬ್‌ನಲ್ಲೇ ಬರೆದಿಡಿ.

ಹೊರಗಿನ ಪ್ರತಿ ಕರೆಗೂ ಟೈಮ್‌ಔಟ್ ಹಾಕಿ. ಸಂಪರ್ಕಕ್ಕೆ 3 ಸೆಕೆಂಡ್, ಉತ್ತರಕ್ಕೆ 10ರಿಂದ 30 ಸೆಕೆಂಡ್ ಒಳ್ಳೆಯ ಆರಂಭ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಗೆ ನೀವು ಹೇಳದಿದ್ದರೆ ಟೈಮ್‌ಔಟೇ ಇಲ್ಲ. ಉತ್ತರಿಸದ ಒಂದು ಸೇವೆ ವರ್ಕರ್‌ನ ಹತ್ತು ಥ್ರೆಡ್‌ಗಳನ್ನೂ (ಒಂದೇ ಪ್ರೊಸೆಸ್‌ನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆಗಳನ್ನೂ) ಹಿಡಿದಿಟ್ಟುಕೊಂಡರೆ, ಅದಕ್ಕೆ ಸಂಬಂಧವೇ ಇಲ್ಲದ ಇಮೇಲ್‌ಗಳೂ ನಿಲ್ಲುತ್ತವೆ.

ಇನ್ನೊಂದು ಬಗೆಯ ಜಾಬ್ ಬಗ್ಗೆ ಎಚ್ಚರ ಬೇಕು. ಅದು ದೋಷ ಎಸೆಯುವುದಿಲ್ಲ, ಮೆಮೊರಿ ನುಂಗಿ ವರ್ಕರನ್ನೇ ಕೊಲ್ಲುತ್ತದೆ. ದೋಷ ಬಂದಾಗ ಮಾತ್ರ ಪ್ರಯತ್ನದ ಎಣಿಕೆ ಏರುವ ವ್ಯವಸ್ಥೆಯಲ್ಲಿ ಇದರ ಎಣಿಕೆ ಸೊನ್ನೆಯಲ್ಲೇ ಉಳಿದು, ಜಾಬ್ ಮರಳಿ ಬಂದು ಮುಂದಿನ ವರ್ಕರನ್ನೂ ಕೊಲ್ಲುತ್ತದೆ. ಆದ್ದರಿಂದ ಎಣಿಕೆಯನ್ನು ಓಡುವ ಮೊದಲೇ ಏರಿಸಬೇಕು. ಎಸ್‌ಕ್ಯೂಎಸ್ ಸಂದೇಶ ಎಷ್ಟು ಸಲ ಎತ್ತಲ್ಪಟ್ಟಿತು ಎಂದು ತಾನೇ ಎಣಿಸುತ್ತದೆ, ಮಿತಿ ದಾಟಿದ್ದನ್ನು ಡೆಡ್ ಲೆಟರ್ ಕ್ಯೂ ಎಂಬ, ಸೋತವುಗಳ ಬೇರೆ ಕ್ಯೂಗೆ ತಳ್ಳುತ್ತದೆ. ಸ್ವಂತ ಟೇಬಲ್ ಇದ್ದವರು ಎತ್ತುವ ಕ್ವೆರಿಯಲ್ಲೇ ಒಂದು ಕೂಡಿಸಿ, ಅದನ್ನು ಕೂಡಲೇ ಕಮಿಟ್ ಮಾಡಲಿ.

ಎಷ್ಟು ಕ್ಯೂ, ಎಷ್ಟು ವರ್ಕರ್

ಕ್ಯೂಗಳನ್ನು 'ಇಮೇಲ್', 'ವರದಿ', 'ಚಿತ್ರ' ಎಂದು ಕೆಲಸದ ಹೆಸರಿನಲ್ಲಿ ಮಾಡುತ್ತಾ ಹೋದರೆ ಇಪ್ಪತ್ತಾಗುತ್ತವೆ, ಯಾವುದು ಮುಖ್ಯ ಎಂದು ಯಾರಿಗೂ ನೆನಪಿರುವುದಿಲ್ಲ. ಎಷ್ಟು ಹೊತ್ತು ಕಾಯಬಹುದು ಎಂಬುದರಿಂದ ಹೆಸರಿಡಿ: 5 ಸೆಕೆಂಡಿನ ಕ್ಯೂ, 5 ನಿಮಿಷದ ಕ್ಯೂ, 1 ಗಂಟೆಯ ಕ್ಯೂ. ಹೆಸರೇ ಒಪ್ಪಂದವಾಗುವುದರಿಂದ ಎಚ್ಚರಿಕೆ ಯಾವಾಗ ಬಾರಿಸಬೇಕು ಎಂಬ ಚರ್ಚೆಯೂ ಮುಗಿಯಿತು. 5 ಸೆಕೆಂಡಿನ ಕ್ಯೂಗೆ ಅದರದೇ ವರ್ಕರ್‌ಗಳಿರಲಿ, ಅದರಲ್ಲಿ ದೀರ್ಘ ಜಾಬ್‌ಗಳಿಗೆ ಜಾಗ ಕೊಡಬೇಡಿ.

ವರ್ಕರ್‌ಗಳ ಲೆಕ್ಕ ಗುಣಾಕಾರದ್ದು. ಸೆಕೆಂಡಿಗೆ 20 ಜಾಬ್ ಬರುತ್ತವೆ, ಒಂದೊಂದು 0.4 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದರೆ ಸರಾಸರಿ 8 ಥ್ರೆಡ್‌ಗಳು ಸದಾ ಕೆಲಸದಲ್ಲಿರುತ್ತವೆ. 8ನ್ನೇ ಇಟ್ಟರೆ ಸಣ್ಣ ಏರಿಳಿತಕ್ಕೂ ಕಾಯುವ ಜಾಬ್‌ಗಳ ಸಾಲು ಬೆಳೆಯುತ್ತದೆ. ಮೂರನೇ ಎರಡು ಭಾಗ ಮಾತ್ರ ತುಂಬಿರುವಂತೆ 12 ಇಡಿ. ಸಾಲು ಕರಗುವ ಲೆಕ್ಕವೂ ಹೀಗೇ: 12 ಥ್ರೆಡ್ ಸೆಕೆಂಡಿಗೆ 30 ಮುಗಿಸುತ್ತವೆ, 20 ಬರುತ್ತಲೇ ಇವೆ, ಉಳಿದ ಶಕ್ತಿ 10. 36,000 ಜಾಬ್ ಬಾಕಿ ಬಿದ್ದಿದ್ದರೆ ಕರಗಲು 1 ಗಂಟೆ ಬೇಕು.

ಕಾಯುವುದೇ ಹೆಚ್ಚಿರುವ ಜಾಬ್‌ಗಳಿಗೆ ಪ್ರೊಸೆಸ್‌ಗೆ 5ರಿಂದ 10 ಥ್ರೆಡ್ ಒಪ್ಪುತ್ತದೆ. ಚಿತ್ರ ಕುಗ್ಗಿಸುವಂಥ ಸಿಪಿಯು ಕೆಲಸಕ್ಕೆ ಕೋರ್ ಒಂದಕ್ಕೆ ಒಂದು ಪ್ರೊಸೆಸ್. ಪ್ರತಿ ಥ್ರೆಡ್‌ಗೂ ಡೇಟಾಬೇಸ್ ಸಂಪರ್ಕ ಬೇಕು ಎಂಬುದನ್ನು ಮರೆಯಬೇಡಿ: 6 ಪ್ರೊಸೆಸ್, 10 ಥ್ರೆಡ್ ಅಂದರೆ 60 ಸಂಪರ್ಕ, ಪೋಸ್ಟ್‌ಗ್ರೆಸ್‌ನ ತಾನಾಗಿ ಇರುವ ಮಿತಿ 100, ಅದರಲ್ಲಿ ವೆಬ್ ಪ್ರೊಸೆಸ್‌ಗಳಿಗೂ ಪಾಲು. ಸೆಲೆರಿಯಲ್ಲಿ ಇನ್ನೊಂದು ಸೆಟ್ಟಿಂಗ್ ಬದಲಿಸಬೇಕು. ಪ್ರೀಫೆಚ್ ಗುಣಕ, ಅಂದರೆ ವರ್ಕರ್ ಮುಂಗಡವಾಗಿ ಹಿಡಿದಿಟ್ಟುಕೊಳ್ಳುವ ಜಾಬ್‌ಗಳ ಪಟ್ಟು, ತಾನಾಗಿ 4 ಇರುತ್ತದೆ. ಜಾಬ್‌ಗಳು ಉದ್ದವಾಗಿದ್ದರೆ ಒಬ್ಬ ವರ್ಕರ್ ನಾಲ್ಕುಪಟ್ಟು ಜಾಬ್ ಹಿಡಿದು ಕೂತಿರುತ್ತಾನೆ, ಪಕ್ಕದವನು ಖಾಲಿ ಇರುತ್ತಾನೆ. ಅದನ್ನು 1 ಮಾಡಿ.

ನಿಲ್ಲಿಸುವುದು, ಹೊಸ ಕೋಡ್ ಹಾಕುವುದು

ಡಿಪ್ಲಾಯ್ ಆದಾಗಲೆಲ್ಲ ವರ್ಕರ್‌ಗೆ ಸಿಗ್‌ಟರ್ಮ್ ('ಮುಗಿಸಿ ನಿಲ್ಲು' ಎಂಬ ಸಿಗ್ನಲ್) ಬರುತ್ತದೆ, ಅವಧಿ ಮುಗಿದರೆ ಸಿಗ್‌ಕಿಲ್ (ಕೂಡಲೇ ಕೊಲ್ಲುವ ಸಿಗ್ನಲ್). ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆಗಳಲ್ಲಿ ಆ ಅವಧಿ ಬೇರೆಬೇರೆ: ಡಾಕರ್‌ನಲ್ಲಿ 10 ಸೆಕೆಂಡ್, ಕುಬರ್ನೆಟೀಸ್‌ನಲ್ಲಿ 30, ಸಿಸ್ಟಮ್‌ಡಿಯಲ್ಲಿ ಸಾಮಾನ್ಯವಾಗಿ 90. ಸೈಡ್‌ಕಿಕ್ 25 ಸೆಕೆಂಡ್ ಕಾಯ್ದು ಮುಗಿಯದ್ದನ್ನು ಕ್ಯೂಗೆ ಮರಳಿಸುತ್ತದೆ. ಡಾಕರ್‌ನ 10ರಲ್ಲಿ ಅದಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಹೊರಗಿನ ಅವಧಿ ಒಳಗಿನದಕ್ಕಿಂತ ಕನಿಷ್ಠ 5 ಸೆಕೆಂಡ್ ಹೆಚ್ಚಿರಲಿ. ಕಂಟೇನರ್ (ಡಾಕರ್ ನಡೆಸುವ ಪ್ರತ್ಯೇಕ ಪೆಟ್ಟಿಗೆ) ಶುರುವಾಗುವುದು ಶೆಲ್ ಸ್ಕ್ರಿಪ್ಟ್‌ನಿಂದ ಎಂದಾದರೆ ಕೊನೆಯ ಸಾಲಿನಲ್ಲಿ 'ಎಕ್ಸೆಕ್' (ಶೆಲ್ ತನ್ನ ಜಾಗವನ್ನು ವರ್ಕರ್‌ಗೆ ಬಿಟ್ಟುಕೊಡುವ ಆದೇಶ) ಇದೆಯೇ ನೋಡಿ. ಇಲ್ಲದಿದ್ದರೆ ಸಿಗ್ನಲ್ ಶೆಲ್‌ಗೆ ಹೋಗುತ್ತದೆ, ವರ್ಕರ್‌ಗೆ ಮುಟ್ಟುವುದೇ ಇಲ್ಲ.

ಕ್ಯೂನಲ್ಲಿ ಹಳೆಯ ರೂಪದ ಜಾಬ್‌ಗಳು ಇದ್ದಾಗಲೇ ಹೊಸ ಕೋಡ್ ಬರುತ್ತದೆ. ಹೊಸ ಆರ್ಗ್ಯುಮೆಂಟ್ ಸೇರಿಸುವಾಗ ಅದು ಇಲ್ಲದೆ ಬಂದ ಜಾಬ್‌ಗೆ ತಾನಾಗಿ ಹಿಡಿಯುವ ಒಂದು ಮೌಲ್ಯ ಕೊಡಿ. ಜಾಬ್‌ನ ಹೆಸರು ಬದಲಿಸುವುದಾದರೆ ಹಳೆಯ ಹೆಸರನ್ನೂ ಮರುಪ್ರಯತ್ನಗಳೆಲ್ಲ ಮುಗಿಯುವವರೆಗೆ ಉಳಿಸಿ. ಹೊಸ ಜಾಬ್ ಇದ್ದರೆ ಮೊದಲು ವರ್ಕರ್‌ಗಳನ್ನು, ಆಮೇಲೆ ವೆಬ್ಬನ್ನು ಡಿಪ್ಲಾಯ್ ಮಾಡಿ.

ಎಲ್ಲವನ್ನೂ ಹೊಂದಿಸಿದ ಮೇಲೆ ಒಂದು ಪರೀಕ್ಷೆ ತಪ್ಪದೆ ಮಾಡಿ. ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದೇ ಇರುವ ನಕಲು ವ್ಯವಸ್ಥೆ) 20 ಸೆಕೆಂಡಿನ ಜಾಬ್ ಹಾಕಿ, 10ನೇ ಸೆಕೆಂಡಿಗೆ ಸಿಗ್‌ಕಿಲ್ ಕಳಿಸಿ ವರ್ಕರನ್ನು ಕೊಲ್ಲಿ. ಜಾಬ್ ಮರಳಿ ಬಂತೇ, ಎಷ್ಟು ಹೊತ್ತಿಗೆ ಬಂತು, ಡೇಟಾ ಇಮ್ಮಡಿಯಾಯಿತೇ ಎಂದು ನೋಡಿ.

ಕಣ್ಣಿಡುವುದು, ಸಾಲು ಬೆಳೆದಾಗ ಏನು ಮಾಡುವುದು

ಕ್ಯೂನ ಉದ್ದ ನೋಡಿದರೆ ಸಾಲದು. 10,000 ಸಣ್ಣ ಜಾಬ್ ಒಂದು ನಿಮಿಷದಲ್ಲಿ ಕರಗಬಹುದು, 30 ದೊಡ್ಡ ಜಾಬ್ ಅರ್ಧ ದಿನ ಹಿಡಿಯಬಹುದು. ಅತಿ ಹಳೆಯ ಜಾಬ್ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದೇ ಸರಿಯಾದ ಅಳತೆ, ಎಚ್ಚರಿಕೆಯೂ ಅದರ ಮೇಲೇ ಇರಲಿ. ಜೊತೆಗೆ ನಿಮಿಷಕ್ಕೊಮ್ಮೆ ಪ್ರತಿ ಕ್ಯೂಗೆ ಒಂದು ಖಾಲಿ ಜಾಬ್ ಹಾಕಿ, ಅದು ಓಡಿದ ಸಮಯವನ್ನು ಬರೆದಿಡಲಿ. ಆ ಸಮಯ 5 ನಿಮಿಷಕ್ಕಿಂತ ಹಳೆಯದಾದರೆ ಹೊರಗಿನ ನಿಗಾ ವ್ಯವಸ್ಥೆ ಕರೆ ಮಾಡಲಿ. ವರ್ಕರ್‌ಗಳೆಲ್ಲ ಸತ್ತಾಗ ದೋಷದ ಎಣಿಕೆ ಸೊನ್ನೆ ಇರುತ್ತದೆ, ಆಗಲೂ ಇದು ಹೇಳಬಲ್ಲದು. ಸೋತವುಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವವರು ಯಾರು ಎಂದೂ ಗೊತ್ತುಮಾಡಿ. ಸೈಡ್‌ಕಿಕ್ ಆ ಪಟ್ಟಿಯಲ್ಲಿ 10,000 ಜಾಬ್ ಅಥವಾ 6 ತಿಂಗಳು ದಾಟಿದ್ದನ್ನು ಅಳಿಸಿಬಿಡುತ್ತದೆ.

ಸಾಲು ಬೆಳೆದು ಎಚ್ಚರಿಕೆ ಬಂದಾಗ ಕೈ ಮೊದಲು ಹೋಗುವುದು ವರ್ಕರ್ ಹೆಚ್ಚಿಸುವ ಕಡೆಗೆ. ಅದಕ್ಕೂ ಮುನ್ನ ಜಾಬ್‌ಗಳು ಯಾಕೆ ನಿಧಾನವಾದವು ನೋಡಿ. ಡೇಟಾಬೇಸ್ ಬಳಲಿದ್ದರೆ ಇನ್ನಷ್ಟು ವರ್ಕರ್‌ಗಳು ಅದನ್ನು ಪೂರ್ತಿ ಕೆಡವುತ್ತವೆ, ವೆಬ್‌ಸೈಟೂ ಜೊತೆಗೆ ಬೀಳುತ್ತದೆ. ಕ್ಯೂನಲ್ಲಿ ಯಾವ ಜಾಬ್ ಹೆಚ್ಚು ಇದೆ ಎಂದು ಎಣಿಸಿ. ಬಹಳ ಸಲ ಒಂದೇ ಬಗೆಯ ಜಾಬ್ ಎಲ್ಲವನ್ನೂ ತಡೆದಿರುತ್ತದೆ. ಅದನ್ನು ಬೇರೆ ಕ್ಯೂಗೆ ಎತ್ತಿಟ್ಟು ಉಳಿದವು ಹರಿಯಲಿ. ಗಡುವು ಮೀರಿದ ಒಟಿಪಿಗಳನ್ನು ಬಿಟ್ಟುಬಿಡಿ. ಇಡೀ ಕ್ಯೂ ಖಾಲಿ ಮಾಡುವ ಆದೇಶ ಮಾತ್ರ ಕೊಡಬೇಡಿ, ಅದರಲ್ಲಿ ಪಾವತಿಯ ಜಾಬ್‌ಗಳೂ ಇರುತ್ತವೆ. ಎತ್ತಿಟ್ಟದ್ದನ್ನು ಮರಳಿ ಬಿಡುವಾಗ ಮೊದಲು ಒಂದೇ ವರ್ಕರ್ ಹಚ್ಚಿ ಹತ್ತು ನಿಮಿಷ ನೋಡಿ. ಡೇಟಾಬೇಸ್‌ನ ಹೊರೆಯೂ ಹೊರಗಿನ ಸೇವೆಯ 429ಗಳೂ ಏರದಿದ್ದರೆ ಎರಡನೆಯದನ್ನು ಹಚ್ಚಿ.